ಗುಂಯ್ ಅನ್ನುವ ಸದ್ದಿನ ವಂಶಾವಳಿ

ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಹೋಗುವಾಗ ಸಿಗುವ ಒಂದು ಊರು. ಅಲ್ಲಿನ ಕೆರೆಯಲ್ಲಿ ತೆಪ್ಪೋತ್ಸವ. ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಕಟ್ಟಿದ ತೆಪ್ಪ, ಅದರ ಮೂಲೆಯಲ್ಲೊಂದು ಲಾರಿ ಬ್ಯಾಟರಿ, ಪಕ್ಕದಲ್ಲಿ ಇನ್ವರ್ಟರ್. ಆ ಇನ್ವರ್ಟರಿನಿಂದಲೇ ಬಣ್ಣದ ಸೀರಿಯಲ್ ಸೆಟ್ಟು, ಆಂಪ್ಲಿಫೈಯರು, ಮೈಕ್‌ಸೆಟ್ಟಿನ ಹುಡುಗನ ಮೊಬೈಲ್ ಚಾರ್ಜರು ಎಲ್ಲಕ್ಕೂ ಕರೆಂಟು. ದೇವರನ್ನು ಕೂರಿಸಿ ಒಂದು ಸುತ್ತು ಹೊರಟಿದ್ದೇ ತಡ, ಮಾದಪ್ಪನ ಕತೆ ಹಾಡುವ ಕಂಸಾಳೆಯವರ ಮೊದಲ ಪದಕ್ಕಿಂತ ಮುಂಚೆ ಹಾರ್ನ್‌ನಿಂದ ಗುಂಯ್ ಎಂದು ಶುರುವಾಯಿತು. ವಾಲ್ಯೂಮ್ ತಗ್ಗಿಸಿದರೆ ಹಾಡು ಸಣ್ಣದಾಗುತ್ತದೆ, ಸದ್ದು ಅಷ್ಟೇ ಇರುತ್ತದೆ. ಹಾಡುಗಾರರಲ್ಲಿ ಹಿರಿಯರು ಗೊಣಗಿದರು: ‘ಒಂದೇ ಶ್ರುತೀಲಿ ನಿಂತ್ಕಂಡ್ರೂ ಜೊತೇಲಿ ಹಾಡ್ಬೋದಾಗಿತ್ತು.’

ದಡದಲ್ಲಿ ಬೀಡಿ ಸೇದುತ್ತಾ ಕೂತಿದ್ದ ಮುದುಕರೊಬ್ಬರು ಕೂಗಿದರು: ‘ಯಾಕ್ಲಾ ಮಗ, ಮಾದಪ್ಪನ ಕತೆಗೆ ಜೀರುಂಡೆ ಬುಟ್ಟಿದ್ದೀಯಾ?’

ವಿಚಾರಿಸಿದರೆ ಅವರು ಒಂದು ಕಾಲದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು. ತೆಪ್ಪ ದಡಕ್ಕೆ ಬರುವುದರೊಳಗೆ ಅವರು ಹೇಳಿದ ಮಾತುಗಳೇ ಈ ಬರಹಕ್ಕೆ ಮೂಲ. ‘ಅದು ಕರೆಂಟಲ್ಲ ಸಾ, ಕರೆಂಟಿನ್ ಯಾಸ ಹಾಕಂಡದೆ’ ಎಂದರು ಇನ್ವರ್ಟರ್ ತೋರಿಸಿ. ಆ ವೇಷ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದವನಿಗೆ ಮೊದಲು ಎದುರಾದದ್ದು ನಮ್ಮದೇ ಕಾವೇರಿ.

ಆ ಹೊಳೆಯ ನಡುವಿನ ಶಿವನಸಮುದ್ರದ ದ್ವೀಪ ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಕೊಳ್ಳೇಗಾಲವೋ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ. 1902ರಲ್ಲಿ ಹೊಳೆಯ ಮೈಸೂರು ದಂಡೆಯ ವಿದ್ಯುದಾಗಾರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ಕ್ಕೆ ಬೆಂಗಳೂರಿನ ಬೀದಿಗಳಿಗೂ ಬಂತು. ಅಲ್ಲೇ ಇರುವ ಭರಚುಕ್ಕಿ ಜಲಪಾತದ ಮೊರೆತ ಕೇಳುತ್ತಾ ಮಲಗುವವರ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ! ಇದನ್ನು ಬರೆಯುವಾಗ ನನಗೆ ಈಗಲೂ ಸಣ್ಣ ಸಿಟ್ಟು ಬರುತ್ತದೆ. ಇರಲಿ. ಆ ಯಂತ್ರಗಳು ಹುಟ್ಟಿಸುತ್ತಿದ್ದದ್ದು ಸೆಕೆಂಡಿಗೆ 25 ಆವರ್ತದ ಕರೆಂಟು, ಇಂದಿನ 50ರ ಅರ್ಧ. ಆದರೆ ತಿರುಗುವ ಯಂತ್ರದ ಕರೆಂಟು ಉಯ್ಯಾಲೆಯ ಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಆ ನಯವೇ ಆಮೇಲೆ ಕಳೆದುಹೋದದ್ದು.

ಕರೆಂಟಿನ ಬೆನ್ನಿಗೆ ರೇಡಿಯೊ ಬಂತು. ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಆರಂಭಿಸಿದ್ದು 1935ರ ಸೆಪ್ಟೆಂಬರಿನಲ್ಲಿ. ಅದರ ಹಿಂದಿನ ವರ್ಷ ಪ್ಯಾರಿಸ್ಸಿನಲ್ಲಿ ರೇಡಿಯೊದ ಗೊರಗೊರ ತಡೆಯಲೆಂದೇ ಅಂತರರಾಷ್ಟ್ರೀಯ ಸಮಿತಿಯೊಂದು ಹುಟ್ಟಿತ್ತು. ನಾವು ಕೇಳಲು ಕೂರುವ ಮೊದಲೇ ಕೇಳದ ಹಾಗೆ ಮಾಡುವವನ ಮೇಲೆ ದೂರು ದಾಖಲಾಗಿತ್ತು ಎನ್ನಿ.

ಕರೆಂಟಿಲ್ಲದ ಊರಿನಲ್ಲಿ ವಾಲ್ವ್ ರೇಡಿಯೊ ಹಾಡಿಸುವುದು ಹೇಗೆ? ಮುದುಕರ ಕಣ್ಣು ಮಿನುಗಿದ್ದು ಇಲ್ಲಿಗೆ ಬಂದಾಗ. ಬ್ಯಾಟರಿಯ ಕರೆಂಟು ನಾಲೆಯ ನೀರಿನ ಹಾಗೆ ಒಂದೇ ಕಡೆಗೆ ಹರಿಯುತ್ತದೆ. ವಾಲ್ವಿಗೆ ಬೇಕಾಗುವಷ್ಟು ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸಬೇಕಾದರೆ ಅದು ಹೋಗಿ ಬರಬೇಕು. ಹಾಗಾಗಿ ಡಬ್ಬಿಯೊಳಗೆ ಒಂದು ಉಕ್ಕಿನ ನಾಲಿಗೆ ಇಟ್ಟರು. ಸೆಕೆಂಡಿಗೆ ನೂರರ ಆಸುಪಾಸು ಸಲ ಪಟಪಟನೆ ಬಡಿದು, ಕರೆಂಟನ್ನು ಕಡಿದು ಕೂಡಿಸಿ, ಅತ್ತಿತ್ತ ಓಡಾಡಿಸುವ ನಾಲಿಗೆ. ಅದಕ್ಕೆ ವೈಬ್ರೇಟರ್ ಎಂದೇ ಹೆಸರು. ಬಡಿದಾಗಲೆಲ್ಲ ಕಿಡಿ, ಕಿಡಿ ಎಂದರೆ ರೇಡಿಯೊ ಅಲೆ, ಆ ಅಲೆಯನ್ನು ಅದೇ ರೇಡಿಯೊ ಹಿಡಿದು ಹಾಡಿಬಿಡುತ್ತಿತ್ತು. ಅದಕ್ಕೇ ವೈಬ್ರೇಟರಿಗೆ ರಬ್ಬರಿನ ಹಾಸಿಗೆ, ಲೋಹದ ಡಬ್ಬಿ, ಕಿಡಿ ನುಂಗಲು ಒಂದು ಕಂಡೆನ್ಸರು. ‘ಕಂಡೆನ್ಸರ್ ಸತ್ತದೆ ಅಂತ ಬಾಗ್ಲಲ್ಲಿ ನಿಂತ್ಕಂಡೇ ಹೇಳ್ತಿದ್ದೆ ಸಾ, ಸದ್ದಲ್ಲೇ ಗೊತ್ತಾಗದು’ ಎಂದರು. ನಂಬಿದೆ. ಸಂಗೀತಗಾರನಿಗೆ ಅಪಸ್ವರ ಗೊತ್ತಾಗುವ ಹಾಗೆ.

ಆಮೇಲೆ ಟ್ರಾನ್ಸಿಸ್ಟರ್ ಬಂತು, ನಾಲ್ಕು ಸೆಲ್ಲಿಗೆ ರೇಡಿಯೊ ಹಾಡಿತು, ನಾಲಿಗೆ ಬಡಿಯುವ ಡಬ್ಬಿ ಗುಜರಿಗೆ ಹೋಯಿತು. ಕೆಲವು ವರ್ಷ ನೆಮ್ಮದಿ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಕೊಳ್ಳೇಗಾಲದ ರೇಷ್ಮೆ ಅಂಗಡಿಗಳಿಗೂ ಮನೆಗಳಿಗೂ ಇನ್ವರ್ಟರ್ ನುಗ್ಗಿದಾಗ ಅದೇ ಜೀರುಂಡೆ ಹೊಸ ಜನ್ಮವೆತ್ತಿ ಬಂತು. ಈಗ ಕಿಡಿ ಇಲ್ಲ, ನಾಲಿಗೆಯ ಕೆಲಸವನ್ನು ಸದ್ದಿಲ್ಲದೆ ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರುಗಳು ಮಾಡುತ್ತವೆ. ಆದರೆ ಅಗ್ಗದ ಪೆಟ್ಟಿಗೆಯ ಕರೆಂಟು ಉಯ್ಯಾಲೆಯಲ್ಲ, ಮೆಟ್ಟಿಲು: ಥಟ್ಟನೆ ಹತ್ತಿ ಥಟ್ಟನೆ ಇಳಿಯುತ್ತದೆ. ಆ ಚೂಪು ಅಂಚುಗಳೇ ಆಂಪ್ಲಿಫೈಯರಿನಲ್ಲಿ ಗುಂಯ್ ಎನ್ನುವುದು. ಇನ್ನು ಒಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟು ಕಡಿಯುವ ಮಾದರಿಗಳಾದರೆ ಅವುಗಳ ಮರಿ ಅಲೆಗಳು ಮೀಡಿಯಂ ವೇವಿನವರೆಗೂ ಏರುತ್ತವೆ. 612 ಕಿಲೋಹರ್ಟ್ಸಿನ ಬೆಂಗಳೂರು ಆಕಾಶವಾಣಿಯ ಮೇಲೆ ಮರಳು ಸುರಿದ ಹಾಗೆ ಕೇಳುವುದು ಅದೇ. ಎಫ್‌ಎಂ ಮಾತ್ರ ಬಹುಮಟ್ಟಿಗೆ ಪಾರು, ಏಕೆಂದರೆ ಅಲೆಯ ಎತ್ತರದಲ್ಲಾಗುವ ಏರುಪೇರಿಗೆ ಅದು ಕಿವಿಗೊಡುವುದಿಲ್ಲ.

ನಮ್ಮ ಕಡೆಗೇ ವಿಶೇಷವಾದ ಇನ್ನೊಂದು ಸದ್ದಿದೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಅಂಚಿನ ಹೊಲಗಳಲ್ಲಿ ರೇಡಿಯೊ ತಿರುಗಿಸಿದರೆ ಸೆಕೆಂಡಿಗೊಮ್ಮೆ ಟಕ್... ಟಕ್... ಎನ್ನುತ್ತದೆ. ಅದು ಆನೆ ತಡೆಯುವ ಸೋಲಾರ್ ಬೇಲಿ. ತಂತಿಗೆ ಬಳ್ಳಿ ತಾಗಿ ಕರೆಂಟು ಸೋರಿದಾಗ ಟಕ್ ಜೋರಾಗುತ್ತದೆ. ಸಣ್ಣ ರೇಡಿಯೊ ಹಿಡಿದು ಬೇಲಿಯುದ್ದಕ್ಕೂ ನಡೆದರೆ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಮಾಡಬಹುದು. ಆದರೆ ಹಾಗೆ ನಡೆಯುವವರಾದರೂ ಎಲ್ಲಿದ್ದಾರೆ? ಮೀಡಿಯಂ ವೇವ್ ಹಿಡಿಯುವ ರೇಡಿಯೊ ಇರುವ ಮನೆಯೇ ಅಪರೂಪ.

ತೆಪ್ಪ ದಡ ಮುಟ್ಟಿತು. ಮುದುಕರು ಹತ್ತಲಿಲ್ಲ, ನಿಂತಲ್ಲಿಂದಲೇ ಹುಕುಂ ಮಾಡಿದರು. ಮೊದಲು ಮೊಬೈಲ್ ಚಾರ್ಜರ್ ಕೀಳು. ಕಿತ್ತದ್ದಕ್ಕೆ ಸದ್ದು ಅರ್ಧ ಇಳಿಯಿತು: ಮೊಬೈಲು ಒಂದು ಕಡೆ ಚಾರ್ಜರಿಗೂ ಇನ್ನೊಂದು ಕಡೆ ಆಂಪ್ಲಿಫೈಯರಿಗೂ ಸಿಕ್ಕಿಕೊಂಡು, ಗ್ರೌಂಡ್ ತಂತಿ ಉಂಗುರವಾಗಿ, ಅದರೊಳಗೆ ಸದ್ದು ಸುತ್ತುತ್ತಿತ್ತು. ಮೈಕಿನ ವೈರು ಬ್ಯಾಟರಿ ವೈರಿನ ಮೇಲೇ ಮಲಗಿತ್ತು; ಅದನ್ನು ತೆಪ್ಪದ ಇನ್ನೊಂದು ಅಂಚಿಗೆ ಎಳೆದು, ಬ್ಯಾಟರಿಯ ಕೆಂಪು ಕಪ್ಪು ತಂತಿಗಳನ್ನು ಹಗ್ಗದ ಹಾಗೆ ಹೊಸೆಯಲು ಹೇಳಿದರು. ಎರಡು ತಂತಿಯ ಎದುರುಬದುರು ಕರೆಂಟು ಒಂದನ್ನೊಂದು ಅಳಿಸಿಕೊಳ್ಳಲಿ ಎಂದು. ಮತ್ತಷ್ಟು ಇಳಿಯಿತು, ನಿಲ್ಲಲಿಲ್ಲ.

‘ಹಿಂದ್ಗಡೆ ತಿರ್ಗಿಸ್ಲಾ.’

ಹುಡುಗ ಆಂಪ್ಲಿಫೈಯರ್ ತಿರುಗಿಸಿದ. ಬೆನ್ನ ಮೇಲೆ, ದೂಳಿನಡಿ, 12 ವೋಲ್ಟ್ ಎಂದು ಬರೆದ ಎರಡು ತಿರುಪುಗಳಿದ್ದವು. ಕರೆಂಟಿಲ್ಲದ ಊರುಗಳ ಜಾತ್ರೆಗೆಂದೇ ಕೊಟ್ಟದ್ದು. ಹುಡುಗ ಅವನ್ನು ಎಂದೂ ನೋಡಿರಲಿಲ್ಲ.

‘ಹನ್ನೆರಡ್ನ ಇನ್ನೂರಮೂವತ್ತು ಮಾಡಿ, ತಿರ್ಗ ಒಳಗೋಗಿ ಇಳಿಸ್ಕತಿಯಲ್ಲ, ಆನೆತಲೆದಿಂಬದ ಏರು ಹತ್ತಿ ಇಳ್ದಂಗೆ. ಇದ್ದಲ್ಲೇ ಇರಕಾಯ್ತಿರ್ಲಿಲ್ವಾ?’

‘ಆಯ್ತು ಮಾವ’ ಎಂದ ಹುಡುಗ, ಇನ್ವರ್ಟರ್ ಆರಿಸಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಬಿಗಿದ. ಸೀರಿಯಲ್ ಸೆಟ್ಟು ನಂದಿ ತೆಪ್ಪ ಕತ್ತಲಾಯಿತು. ಪಂಜಿನ ಬೆಳಕಲ್ಲಿ ಕಂಸಾಳೆಯ ಬಟ್ಟಲು ಒಂದಕ್ಕೊಂದು ತಾಗಿದ್ದು, ಆಮೇಲೆ ಉಳಿಯುವ ಅದರ ಸಣ್ಣ ನಾದ ಕೂಡ, ಕೆರೆಯ ಆಚೆ ದಡದವರೆಗೆ ಹೋಯಿತು.

ಎರಡನೇ ಸುತ್ತು ಅರ್ಧವಾಗುವಷ್ಟರಲ್ಲಿ ದೇವರಿಗೆ ಲೈಟಿಲ್ಲ ಎಂದು ದಡದಲ್ಲಿ ಗಲಾಟೆ ಎದ್ದಿತು. ತೆಪ್ಪದ ಮೇಲಿದ್ದವರು ಯಾರೋ ಇನ್ವರ್ಟರಿನ ಗುಂಡಿ ಒತ್ತಿದರು. ಅದೇ ಬ್ಯಾಟರಿ, ಅದೇ ತಂತಿ. ಬಣ್ಣದ ದೀಪಗಳ ಜೊತೆಗೆ ಜೀರುಂಡೆಯೂ ಎದ್ದಿತು. ಮುದುಕರು ಹೊಸ ಬೀಡಿ ಹಚ್ಚಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.