ಬೇವಿನಗಿಡದ ತಲೆ ಹೊಡೆಸಿದ್ದು ನಾವೇ

ಕಳೆದ ಮೇ ತಿಂಗಳ ಒಂದು ಸಂಜೆ. ದೇವದುರ್ಗದಲ್ಲಿ ಬೆಳಗಿನಿಂದಲೇ ಬೆವರು ಇಳಿಯುವಷ್ಟು ಕುದಿ. ಐದರ ಹೊತ್ತಿಗೆ ಧೂಳೆದ್ದು ಗಾಳಿ ಶುರುವಾಯಿತು. ಹತ್ತೇ ನಿಮಿಷ ಇರಬೇಕು, ಹೊರಗೆ ಪಟಾಕಿ ಹೊಡೆದಂತೆ ಸದ್ದು. ನಮ್ಮ ಮನೆ ಮುಂದಿನ ಬೇವಿನಗಿಡದ ದೊಡ್ಡ ಕೊಂಬೆಯೊಂದು ಎದುರುಮನೆಯ ತಗಡಿನ ಶೆಡ್ಡಿನ ಮೇಲೆ ಮಲಗಿತ್ತು. ಶೆಡ್ಡಿನೊಳಗಿದ್ದ ಸ್ಕೂಟಿ ಚಪ್ಪಟೆ. ಸ್ವಲ್ಪ ಹೊತ್ತಿನ ಮುಂಚೆ ಅದೇ ಜಾಗದಲ್ಲಿ ಮೂವರು ಹುಡುಗರು ಗೋಲಿ ಆಡುತ್ತಿದ್ದರು.

(ನಮ್ಮ ಕಡೆ ಎಷ್ಟೇ ದೊಡ್ಡ ಮರವಾದರೂ ಅದು ಗಿಡವೇ. ಬೆಂಗಳೂರಿನ ಗೆಳೆಯರು ಇದಕ್ಕೆ ನಗುತ್ತಾರೆ, ನಗಲಿ.)

ಮರುದಿನ ಓಣಿಯವರೆಲ್ಲ ಸೇರಿದರು. ಸ್ಕೂಟಿಯ ಖರ್ಚನ್ನು ಅಪ್ಪ ಒಪ್ಪಿಕೊಂಡರು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ‘ಬುಡಸಮೇತ ತೆಗೆಸಿಬಿಡ್ರಿ, ಮಕ್ಕಳು ಮರಿ ಇರೋ ಓಣಿ ಇದು’ ಎಂದರು. ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಅದು ನಮ್ಮ ಮುತ್ಯಾ ನೆಟ್ಟ ಗಿಡ. ಏಪ್ರಿಲ್, ಮೇನಲ್ಲಿ ಕರೆಂಟು ಹೋದಾಗ ಇಡೀ ಓಣಿ ಹೊರಸು ಹಾಕಿಕೊಂಡು ಕೂರುವುದು ಅದರ ಕೆಳಗೇ. ಹಾಗಂತ ಮುತ್ಯಾನ ನೆನಪಿಗಾಗಿ ಯಾರದೋ ಮಗನ ತಲೆ ಪಣಕ್ಕಿಡಲು ಆಗುತ್ತದೆಯೇ?

ನಾನು ಮುರಿದ ಜಾಗ ನೋಡಲು ನಿಚ್ಚಣಿಕೆ ಹಾಕಿ ಹತ್ತಿದೆ. ಕೊಂಬೆ ಬುಡದಲ್ಲಿ ಕಪ್ಪಗೆ ಕೊಳೆತ ಬಟ್ಟಲಿನಂಥ ಕುಳಿ. ಅದರ ಅಂಚಿಗೆ ಮಾತ್ರ ಆ ಕೊಂಬೆ ಅಂಟಿಕೊಂಡಿತ್ತು. ಆಗ ನೆನಪಾಯಿತು. ಎಂಟು ವರ್ಷದ ಹಿಂದೆ ತಂತಿಗೆ ತಾಗುತ್ತದೆ ಅಂತ ನಾವೇ ಇದರ ತಲೆ ಹೊಡೆಸಿದ್ದೆವು. ತೊಡೆ ದಪ್ಪದ ಕೊಂಬೆಗಳನ್ನೆಲ್ಲ ನಡುವಿಗೇ ಕಡಿಸಿ, ಬೋಳು ಮೋಟುಗಳನ್ನಷ್ಟೇ ಬಿಟ್ಟಿದ್ದೆವು. ಮರುವರ್ಷ ಪೊದೆಯಂತೆ ಚಿಗುರಿದಾಗ ‘ಎಷ್ಟು ಚೆಂದ ಚಿಗುರೇದ ನೋಡು’ ಎಂದು ಅಜ್ಜಿ ಹಿಗ್ಗಿದ್ದಳು. ಈಗ ಮುರಿದದ್ದು ಆ ಚೆಂದದ ಚಿಗುರೇ.

ನಾನು ರಾಯಚೂರಿನಲ್ಲಿ ಓದುತ್ತೇನೆ. ರೂಮಿಗೆ ವಾಪಸಾದ ಮೇಲೆ ಈ ವಿಷಯ ಹುಡುಕಿ ಓದತೊಡಗಿದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಒಳಗಿನ ಕೊಳೆತ ಹೇಗೆ ಹರಡುತ್ತದೆಂದು ನೋಡಿದವರು. ಅವರು ಕಂಡದ್ದು ಇಷ್ಟು: ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಮರ ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ, ಅದನ್ನು ಒಳಗೇ ಮುಚ್ಚಿಹಾಕಿ, ಮೇಲೆ ಹೊಸ ಕಟ್ಟಿಗೆ ಬೆಳೆಸುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಅಂಗಿಯ ಕಾಲರಿನಂತೆ ಒಂದು ಉಬ್ಬು ಇರುತ್ತದಲ್ಲ, ಗೋಡೆ ಕಟ್ಟುವ ಶಕ್ತಿ ಹೆಚ್ಚಿರುವುದು ಅಲ್ಲಿ. ಆ ಉಬ್ಬಿನ ಹೊರಗೆ, ಅದಕ್ಕೆ ತಾಗಿದಂತೆ ಕೊಯ್ದರೆ ಗಾಯದ ಸುತ್ತ ಉಂಗುರ ಬೆಳೆದು ಮುಚ್ಚಿಕೊಳ್ಳುತ್ತದೆ. ಉಬ್ಬನ್ನೇ ಕೆತ್ತಿದರೆ ಕೊಳೆತ ಕಾಂಡಕ್ಕೆ ಇಳಿಯುತ್ತದೆ. ನಾವು ಮಾಡಿಸಿದಂತೆ ನಡುವಿಗೆ ಕಡಿದರೆ ಮೋಟು ಒಣಗಿ ಕೊಳೆಯುತ್ತದೆ, ಅದರ ತುದಿಯ ತೊಗಟೆಯಿಂದ ಹೊಸ ಕೊಂಬೆಗಳು ಏಳುತ್ತವೆ. ಅವುಗಳ ಬೇರು ಕಾಂಡದ ಒಳಗಿರುವುದಿಲ್ಲ, ಮೇಲೆ ಅಂಟಿಸಿದ ಹಾಗೆ. ಭಾರ ಮಾತ್ರ ವರ್ಷವರ್ಷ ಏರುತ್ತದೆ. ಅಪಾಯ ತಪ್ಪಿಸಲು ಹೊಡೆಸಿದ ತಲೆ ಕೆಲವೇ ವರ್ಷಗಳಲ್ಲಿ ಹೊಸ ಅಪಾಯ ಬೆಳೆಸಿತ್ತು. ಕೊಯ್ದ ಜಾಗಕ್ಕೆ ಡಾಂಬರು, ಪೇಂಟು ಬಳಿಯುವುದರಿಂದಲೂ ಕೊಳೆತ ನಿಲ್ಲುವುದಿಲ್ಲವಂತೆ. ನಾವು ಡಾಂಬರನ್ನೂ ಬಳಿಸಿದ್ದೆವು!

ಇದನ್ನು ಓದಿದ ಮೇಲೆ ರಾಯಚೂರಿನಲ್ಲಿ ನಡೆದಾಡುವ ರೀತಿಯೇ ಬದಲಾಯಿತು. ಸ್ಟೇಷನ್ ರಸ್ತೆ, ತೀನ್ ಕಂದೀಲ್, ಮಾವಿನಕೆರೆ ಕಡೆ ಎಲ್ಲಿ ಹೋದರೂ ಕಣ್ಣು ಮೇಲಕ್ಕೆ, ಆಮೇಲೆ ಬುಡಕ್ಕೆ. ಪೈಪಿಗೆಂದು ಅಗೆದ ಗುಂಡಿಯಲ್ಲಿ ತುಂಡಾದ ಬೇರು, ಕಾಂಡದ ತನಕ ಹಾಸಿದ ಸಿಮೆಂಟು, ಬುಡದಲ್ಲೇ ಕಸಕ್ಕೆ ಬೆಂಕಿ ಹಚ್ಚಿ ಕರಕಲಾದ ಪೊಟರೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ನೆನೆದರೆ ಮೆತ್ತಗಾಗುತ್ತದೆ. ಒಂದು ಬದಿಯ ಬೇರು ಕತ್ತರಿಸಿದ ಮರ ಅಂಥ ಮಣ್ಣಿನಲ್ಲಿ ಗಾಳಿಗೆ ನಿಲ್ಲುವುದು ಕಷ್ಟ. ಬಿದ್ದ ಮೇಲೆ ನಾವು ಮಳೆಯನ್ನು ಬೈಯುತ್ತೇವೆ.

ಜೂನ್ ಮೊದಲ ವಾರ ಮಾನ್ವಿಯಿಂದ ಗಿಡ ಕೊಯ್ಯುವ ಕಾಕಾ ಒಬ್ಬರನ್ನು ಕರೆಸಿದೆವು. ವಯಸ್ಸು ಐವತ್ತರ ಮೇಲೆ. ಕೆಳಗೆ ಹಗ್ಗ ಹಿಡಿಯಲು ಇಬ್ಬರು ಹುಡುಗರು. ಸಾಮಾನೆಂದರೆ ಎರಡು ಕೊಡಲಿ, ಒಂದು ಕೈಗರಗಸ, ಒಂದು ಪೆಟ್ರೋಲ್ ಮಷಿನ್, ಮೂರು ಹಗ್ಗ. ಹೆಲ್ಮೆಟ್ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ, ಮರ ಹತ್ತುವಾಗ ಅದೂ ಇಲ್ಲ. ಮಷಿನ್ನಿನ ಹಲ್ಲು ಪೂರಾ ವೇಗದಲ್ಲಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅದರ ಮೂತಿಯ ಮೇಲಂಚು ಕಟ್ಟಿಗೆಗೆ ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಒದೆಯುತ್ತದೆ. ಇದನ್ನೇ ಕಸುಬು ಮಾಡಿಕೊಂಡವರು ಹೊರದೇಶಗಳಲ್ಲಿ ಹಾಕುವ ಪ್ಯಾಂಟಿನೊಳಗೆ ಗಟ್ಟಿ ನಾರಿನ ಪದರ ಇರುತ್ತದೆ. ಹಲ್ಲು ತಾಗಿದ ಕೂಡಲೇ ನಾರು ಎಳೆದುಕೊಂಡು ಬಂದು ಮಷಿನ್ನನ್ನೇ ನಿಲ್ಲಿಸುತ್ತದೆ. ಮರದ ಮೇಲೆ ಮಷಿನ್ ಚಾಲೂ ಮಾಡುವ ಮುಂಚೆ ಎರಡು ಕಡೆ ಕಟ್ಟಿಕೊಂಡಿರಬೇಕು, ಒಂದು ಕೊಯ್ದುಹೋದರೂ ಇನ್ನೊಂದು ಹಿಡಿಯಲಿ ಎಂದು. ನಾನು ಇದನ್ನೆಲ್ಲ ಬಡಬಡಿಸಿದಾಗ ಕಾಕಾ ಸಿಟ್ಟಾಗಲಿಲ್ಲ.

‘ನನ್ನ ಜೋಡಿ ಒಬ್ಬ ಹುಡುಗ ಇದ್ದ ತಮ್ಮಾ. ಹುಣಸಿಗಿಡದ ಮ್ಯಾಲಿಂದ ಬಿದ್ದ. ಸೊಂಟ ಹೋತು. ಈಗ ಕುಂತು ಪಾನ್ ಅಂಗಡಿ ನಡಸ್ತಾನ. ನೀ ಹೇಳೋ ಪ್ಯಾಂಟಿಗೆ ಎಷ್ಟು ರೊಕ್ಕ?’

ನಾನು ಬೆಲೆ ಹೇಳಿದೆ. ಅವರು ನಕ್ಕು ಬೀಡಿ ಹಚ್ಚಿದರು.

ಆದರೆ ಕೆಲಸ ಬಲ್ಲವರು. ಹತ್ತುವ ಮುಂಚೆ ಕೊಡಲಿಯ ಹಿಂಬದಿಯಿಂದ ಕಾಂಡದ ಸುತ್ತ ತಟ್ಟಿ ಕೇಳಿದರು, ಸಂತೆಯಲ್ಲಿ ಗಡಿಗೆ ತಟ್ಟಿ ನೋಡುವ ಹಾಗೆ. ಒಂದು ಬದಿಗೆ ಡೊಳ್ಳು ಸದ್ದು ಬಂತು. ನನ್ನ ಎದೆ ಧಸಕ್ಕೆಂದಿತು. ಪೊಟರೆಯ ಬಾಯಿಂದ ಕಬ್ಬಿಣದ ಸರಳು ಹಾಕಿ ಅಳೆದೆವು. ಜರ್ಮನಿಯ ಕ್ಲೌಸ್ ಮಾಟೆಕ್ ಎಂಬವರ ಒಂದು ಅಂದಾಜಿನ ಲೆಕ್ಕವಿದೆ: ಟೊಳ್ಳಾದ ಕಾಂಡದಲ್ಲಿ ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಮುರಿಯುವ ಭಯ ಹೆಚ್ಚು. ನಮ್ಮ ಗಿಡದ ಅಡ್ಡಳತೆ ಸುಮಾರು 60 ಸೆಂ.ಮೀ. ಅಂದರೆ ಕನಿಷ್ಠ 10 ಸೆಂ.ಮೀ. ಗಟ್ಟಿ ಗೋಡೆ ಬೇಕು. ತೀರಾ ತೆಳುವಾದ ಕಡೆಯೂ ಗೇಣಿಗೆ ಸ್ವಲ್ಪ ಕಡಿಮೆ ಇತ್ತು. ಟೊಳ್ಳು ಇದ್ದ ಮಾತ್ರಕ್ಕೆ ಮರ ಸತ್ತಂತಲ್ಲ ಎಂಬುದು ನನಗೆ ಹೊಸದು, ಕಾಕಾಗೆ ಹಳೆಯದು.

ಜೆಸ್ಕಾಂನ ಲೈನ್‌ಮನ್ ಬಂದು ಲೈನ್ ಕ್ಲಿಯರ್ ಕೊಟ್ಟ ಮೇಲೇ ಕಾಕಾ ಮೇಲೆ ಹೋದರು. ಹೋಗುವಾಗ ನನ್ನ ಬೈಕಿನ ಹೆಲ್ಮೆಟ್ ಕೊಟ್ಟೆ, ಹಾಕಿಕೊಂಡರು. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ಕೊಂಬೆ ಸುಮಾರು ಎರಡು ಕ್ವಿಂಟಲ್ ತೂಗುತ್ತದೆ, ಅಂದರೆ ನಾಲ್ಕು ಸಿಮೆಂಟ್ ಚೀಲ. ಅದನ್ನು ಒಮ್ಮೆಲೇ ಮೇಲಿನಿಂದ ಕೊಯ್ದರೆ ಅರ್ಧಕ್ಕೇ ಮುರಿದು ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿಯುತ್ತದೆ. ಕಾಕಾ ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಕೊಯ್ದರು. ಆಮೇಲೆ ಅದಕ್ಕಿಂತ ಒಂಚೂರು ಆಚೆ ಮೇಲಿನಿಂದ. ಹಗ್ಗವನ್ನು ಮೇಲಿನ ಕವಲಿನಿಂದ ಇಳಿಸಿ, ಕಾಂಡಕ್ಕೆ ಮೂರು ಸುತ್ತು ಹಾಕಿ ಹುಡುಗರ ಕೈಗೆ ಕೊಟ್ಟಿದ್ದರು. ಆ ಸುತ್ತಿನ ತಿಕ್ಕಾಟವೇ ಬ್ರೇಕು. ಕೊಂಬೆ ಪಲ್ಲಕ್ಕಿಯಂತೆ ಮೆಲ್ಲಗೆ ಇಳಿಯಿತು. ಉಳಿದ ಮೋಟನ್ನು ಕಾಲರ್ ಉಬ್ಬಿಗೆ ತಾಗಿದಂತೆ ತೆಗೆದರು. ಈ ಮೂರು ಕೊಯ್ತದ ಪಾಠ ಪುಸ್ತಕದಲ್ಲಿ ನಾನು ಓದಿದ್ದು, ಅವರು ತಮ್ಮ ಅಪ್ಪನಿಂದ ಕಲಿತದ್ದು.

‘ಹಂಗಾರ ಎಲ್ಲಾರ ಗಿಡದ ತಲಿ ಯಾಕ ಹೊಡೀತೀರಿ?’ ಎಂದೆ. ‘ಮಂದಿ ಕೇಳ್ತಾರ, ಹೊಡೀತೀವಿ. ಹಿಂಗ ಕೊಯ್ಯಾಕ ಒಂದು ದಿನ ಬೇಕು, ತಲಿ ಹೊಡಿಯಾಕ ಒಂದು ತಾಸು. ಪಗಾರ ಮಾತ್ರ ಒಂದೇ.’

ಕೊಳೆತ ಬಟ್ಟಲಿನಿಂದ ಎದ್ದ ಇನ್ನೂ ಎರಡು ಕೊಂಬೆ ಹೋದವು. ಉಳಿದವನ್ನು ಕವಲಿನ ತನಕ ಗಿಡ್ಡ ಮಾಡಿ ಭಾರ ಇಳಿಸಿದರು. ಪೂರ್ತಿ ಕಡಿಸುವುದೇ ಆಗಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಗೆ ಅರ್ಜಿ ಕೊಡಬೇಕಿತ್ತು. ಸತ್ತ, ರೋಗ ಬಡಿದ, ಜೀವಕ್ಕೆ ಅಪಾಯ ತರುವ ಮರಕ್ಕೆ ಕಾಯ್ದೆಯಲ್ಲಿ ದಾರಿ ಇದೆ. ಗೋಡೆ ತೆಳುವಾಗಿದ್ದರೆ ನಾನೇ ಅರ್ಜಿ ಬರೆಯುತ್ತಿದ್ದೆ, ಅಳುತ್ತಲಾದರೂ.

ರಾಯಚೂರಿನಿಂದ ಕೃಷ್ಣೆ ದಾಟಿ ಹೋದರೆ ಮಹಬೂಬ್‌ನಗರದ ಬಳಿ ಪಿಳ್ಳಲಮರ್ರಿ ಎಂಬ ಹಳೆಯ ಆಲದ ಮರವಿದೆ. ಗೆದ್ದಲು ಹಿಡಿದು, ದೊಡ್ಡ ಕೊಂಬೆ ಬಿದ್ದು, 2017ರ ಕೊನೆಗೆ ಜನರಿಗೆ ಪ್ರವೇಶ ನಿಲ್ಲಿಸಿದ್ದರು. 2018ರಲ್ಲಿ ಅದಕ್ಕೆ ಸಲೈನ್ ಬಾಟಲಿ ಕಟ್ಟಿ ಹನಿಹನಿಯಾಗಿ ಗೆದ್ದಲಿನ ಔಷಧ ಇಳಿಸಿದರು, ಜೋತ ಕೊಂಬೆಗಳಿಗೆ ಕಂಬದ ಆಸರೆ ಕೊಟ್ಟರು. ಮರ ಬದುಕಿತು. ಅಷ್ಟು ದೊಡ್ಡ ಮರಕ್ಕೆ ಸರ್ಕಾರವೇ ಬಂತು. ನಮ್ಮ ಓಣಿಯ ಬೇವಿಗೆ ಮಾನ್ವಿಯ ಕಾಕಾ ಬಂದರು.

ಹೋಗುವಾಗ ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟರು. ‘ನೀವೇ ಇಟ್ಕೋರಿ ಕಾಕಾ’ ಎಂದೆ. ‘ಇದ್ರಾಗ ಕೆಳಗಿನ ಹುಡುಗರು ಕೂಗಿದ್ದು ಕೇಳಂಗಿಲ್ಲಪಾ’ ಎಂದು ಗೊಣಗುತ್ತಲೇ ಮಷಿನ್ನಿನ ಪಕ್ಕಕ್ಕೆ ಚೀಲದಲ್ಲಿ ತುರುಕಿದರು. ಮುಂದಿನ ಮಾರ್ಚ್‌ನಲ್ಲಿ, ಗಾಳಿ ಶುರುವಾಗುವ ಮುಂಚೆ ಮತ್ತೊಮ್ಮೆ ಬಂದು ಕಾಂಡ ತಟ್ಟಿ ನೋಡುತ್ತೇನೆಂದು ಹೇಳಿ ಹೋಗಿದ್ದಾರೆ. ಎದುರುಮನೆಯವರು ಹೊಸ ಸ್ಕೂಟಿಯನ್ನು ಸದ್ಯಕ್ಕೆ ಗಿಡದಿಂದ ದೂರವೇ ನಿಲ್ಲಿಸುತ್ತಿದ್ದಾರೆ.