ಜನ ಯಾವ ಪದದಿಂದ ಹುಡುಕುತ್ತಾರೆ?

2019ರ ಡಿಸೆಂಬರ್ 26ರಂದು ಮಂಗಳೂರಿನವರೂ ದಕ್ಷಿಣ ಕೊಡಗಿನವರೂ ಕಂಕಣ ಸೂರ್ಯಗ್ರಹಣವನ್ನು ಕಂಡರು. 2027ರ ಆಗಸ್ಟ್ 2ರ ಸೂರ್ಯಗ್ರಹಣವು ಈಜಿಪ್ಟಿನಲ್ಲಿ ಪೂರ್ಣವಾಗಿಯೂ ನಮ್ಮಲ್ಲಿ ಸಂಜೆಯ ವೇಳೆಗೆ ಖಂಡಗ್ರಾಸವಾಗಿಯೂ ಕಾಣುವುದು. ಬರಿಗಣ್ಣಿನಿಂದ ಇದನ್ನು ನೋಡಿದವರ ಅಕ್ಷಿಪಟಲಕ್ಕೆ ಹಾನಿಯಾಗಬಹುದು. ಅಕ್ಷಿಪಟಲದಲ್ಲಿ ನೋವನ್ನು ಅರಿಯುವ ನರಗಳಿಲ್ಲವಾದುದರಿಂದ ಹಾನಿಯಾಗುತ್ತಿರುವುದು ಆ ಕ್ಷಣದಲ್ಲಿ ತಿಳಿಯುವುದೂ ಇಲ್ಲ. ಈ ಸಂಗತಿಯನ್ನು ವಿವರಿಸಿ, 'ಪಾರ್ಶ್ವ ಸೂರ್ಯಗ್ರಹಣ ವೀಕ್ಷಣೆಯಲ್ಲಿ ನೇತ್ರಸುರಕ್ಷತೆ' ಎಂಬ ಲೇಖನವನ್ನು ನಾವು ಅಂತರಜಾಲದಲ್ಲಿ ಪ್ರಕಟಿಸಿದೆವೆಂದು ಭಾವಿಸೋಣ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿಯೊಬ್ಬಳು ಫೋನಿನಲ್ಲಿ ಕೇಳುವುದಾದರೋ, 'ಗ್ರಹಣ ನೋಡಿದರೆ ಕಣ್ಣಿಗೆ ಏನಾಗುತ್ತದೆ' ಎಂದು. ಈ ಎರಡು ಸಾಲುಗಳಿಗೂ ಸಮಾನವಾದ ಪದ 'ಗ್ರಹಣ' ಒಂದೇ. ಅದೂ ನಮ್ಮ ಸಾಲಿನಲ್ಲಿ ಸಮಾಸದೊಳಗೆ ಅಡಗಿದೆ. ನಮ್ಮ ಲೇಖನಕ್ಕೆ ಬದಲಾಗಿ ಯಾವುದೋ ರಾಶಿಫಲದ ಪುಟ ಆಕೆಯ ಮುಂದೆ ತೆರೆದುಕೊಂಡರೆ ಆಶ್ಚರ್ಯಪಡಬೇಕಾದುದಿಲ್ಲ.

ಬರೆಯುವ ಮುನ್ನ ಪದಗಳನ್ನು ಪರೀಕ್ಷಿಸುವ ಈ ಕೆಲಸಕ್ಕೆ ಶೋಧಕಯಂತ್ರವೇ ಒಂದು ಉಪಕರಣವನ್ನು ಒದಗಿಸಿದೆ. ಅದನ್ನು ಅರಿಯಬೇಕಾದರೆ ಯಂತ್ರದ ಒಳಗನ್ನು ಕೊಂಚ ನೋಡಬೇಕು. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ, ಪ್ರತಿಯೊಂದು ಪದವೂ ಯಾವ ಯಾವ ಪುಟಗಳಲ್ಲಿದೆಯೆಂಬ ಪಟ್ಟಿ ಅಲ್ಲಿ ಮೊದಲೇ ಸಿದ್ಧವಾಗಿರುತ್ತದೆ. 'ಗ್ರಹಣ' ಎಂಬುದು 3, 8, 15, 21ನೆಯ ಪುಟಗಳಲ್ಲಿಯೂ 'ಕಣ್ಣು' ಎಂಬುದು 8, 13, 21ರಲ್ಲಿಯೂ ಇವೆಯೆನ್ನೋಣ. ಎರಡೂ ಬೇಕೆಂದಾಗ ಉಳಿಯುವುವು 8 ಮತ್ತು 21. 'ರಾಶಿ' ಎಂಬ ಪದ 21ರಲ್ಲಿದ್ದು, ಅದು ಬೇಡವೆಂದೆವಾದರೆ 8 ಮಾತ್ರ. ಇಂಥ 'ಮತ್ತು', 'ಅಥವಾ', 'ಅಲ್ಲ'ಗಳ ಬೀಜಗಣಿತವನ್ನು ಐರ್ಲೆಂಡಿನ ಕಾರ್ಕ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಜಾರ್ಜ್ ಬೂಲ್ 1854ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದನು. ವಿದ್ಯುತ್ ಸ್ವಿಚ್ಚುಗಳ ಮಂಡಲಗಳಿಗೂ ಅದೇ ಗಣಿತ ಅನ್ವಯಿಸುವುದೆಂದು 1937ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದವನು ಕ್ಲಾಡ್ ಷಾನನ್. ಇಂದಿನ ಯಂತ್ರಗಳು ಅರ್ಥಸಾಮ್ಯವನ್ನೂ ಊಹಿಸಬಲ್ಲವು. ಆದರೂ ಪದಸೂಚಿಯ ಅಗತ್ಯ ತಪ್ಪಿಲ್ಲ.

ಈ ಊಹೆಯನ್ನು ಬದಿಗಿರಿಸಿ, ನಮಗೆ ಬೇಕಾದುದನ್ನೇ ಕೇಳುವ ಸಾಧನಗಳೇ ಆಪರೇಟರುಗಳು, ಎಂದರೆ ಆಜ್ಞಾಚಿಹ್ನೆಗಳು. ಪದಗಳನ್ನು ಉದ್ಧರಣ ಚಿಹ್ನೆಗಳ ನಡುವೆ ಇರಿಸಿದರೆ ಅದೇ ಪದಗಳು ಅದೇ ಕ್ರಮದಲ್ಲಿ ಬರಬೇಕೆಂದು ಅರ್ಥ. ಪದದ ಹಿಂದೆ ಅಂತರವಿಲ್ಲದೆ ಕಳೆಯುವ ಚಿಹ್ನೆಯನ್ನು ಬರೆದರೆ ಆ ಪದವಿರುವ ಪುಟಗಳು ಬೇಡವೆಂದು ಅರ್ಥ. 'ಆರ್' ಎಂಬುದನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದರೆ 'ಅಥವಾ'. ನಮ್ಮ ಕೆಲಸಕ್ಕೆ ಎಲ್ಲಕ್ಕಿಂತಲೂ ಉಪಯುಕ್ತವಾದುದು 'ಇನ್‌ಟೈಟಲ್'; ಇದರ ಮುಂದೆ ಅರ್ಧವಿರಾಮದಂತಹ ಎರಡು ಚುಕ್ಕೆಗಳನ್ನಿಟ್ಟು, ಅವಕ್ಕೆ ತಾಗಿದಂತೆ ಪದವನ್ನು ಬರೆದರೆ ಶೀರ್ಷಿಕೆಯಲ್ಲಿ ಆ ಪದವಿರುವ ಪುಟಗಳು ಮಾತ್ರ ದೊರೆಯುವುವು. ಪದವು ಪುಟದಲ್ಲೆಲ್ಲೋ ಸುಳಿದುಹೋಗುವುದು ಬೇರೆ, ಲೇಖಕನು ಅದನ್ನೇ ವಿಷಯವಾಗಿಸಿಕೊಂಡಿರುವುದು ಬೇರೆ. 'ಖಂಡಗ್ರಾಸ', 'ಪಾರ್ಶ್ವ', 'ಭಾಗಶಃ' ಈ ಮೂರನ್ನೂ ಹೀಗೆ ಪರೀಕ್ಷಿಸಿ, ಬಳಿಕ 'ಸೈಟ್' ಎಂಬ ಆಜ್ಞೆಯಿಂದ ಪತ್ರಿಕೆಯೊಂದರ ವಿಳಾಸಕ್ಕೂ ಕನ್ನಡ ವಿಕಿಪೀಡಿಯಕ್ಕೂ ಹುಡುಕಾಟವನ್ನು ಸೀಮಿತಗೊಳಿಸಿ ನೋಡಿದರೆ, ಯಾರು ಯಾವ ಪದವನ್ನು ಬಳಸುತ್ತಾರೆಂಬುದು ಸ್ಪಷ್ಟವಾಗುವುದು.

ಆದರೆ ಇವೆಲ್ಲ ಇಂಗ್ಲಿಷಿಗಾಗಿ ಹೊಲಿದ ಅಂಗಿಗಳು. ಕನ್ನಡದ ಮೈಗೆ ಅಲ್ಲಲ್ಲಿ ಬಿಗಿಯುತ್ತವೆ. ನಮ್ಮ ವಿಭಕ್ತಿಗಳು ಪದಕ್ಕೆ ಅಂಟಿಕೊಳ್ಳುವುದರಿಂದ 'ಗ್ರಹಣ', 'ಗ್ರಹಣದ', 'ಗ್ರಹಣವನ್ನು' ಇವು ಪದಸೂಚಿಯಲ್ಲಿ ಬೇರೆ ಬೇರೆ ಪದಗಳಾಗಬಹುದು. 'ಸೂರ್ಯಗ್ರಹಣ'ವನ್ನು ಕೂಡಿಸಿ ಬರೆಯುವವರೂ ಬಿಡಿಸಿ ಬರೆಯುವವರೂ ಇದ್ದಾರೆ. 'ರಾಶಿ'ಯನ್ನು ಕಳೆದರೂ 'ರಾಶಿಯವರಿಗೆ' ಎಂಬುದು ನುಸುಳಬಹುದು. ಆದುದರಿಂದ ರೂಪಗಳನ್ನೆಲ್ಲ 'ಅಥವಾ'ದಿಂದ ಪೋಣಿಸುವುದೇ ದಾರಿ. ಇನ್ನೊಂದು ತೊಡಕೂ ಉಂಟು. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕಡತಗಳು ಬಹಳ ಇವೆ. ಅವು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು.

ಯಂತ್ರವು ತೋರಿಸುವ ಫಲಿತಾಂಶಗಳ ಸಂಖ್ಯೆಯನ್ನು ಅಳತೆಯೆಂದು ನಂಬಬಾರದು. ಅದು ಅಂದಾಜು ಮಾತ್ರ. ಪ್ರಯೋಗಶಾಲೆಯಲ್ಲಾದರೆ ಇಂಥ ಮಾಪಕವನ್ನು ನಾವು ಬದಿಗಿಡುತ್ತಿದ್ದೆವು. ಅಲ್ಲದೆ ಅದು ಹೇಳುವುದು ಎಷ್ಟು ಬರೆದಿದ್ದಾರೆಂಬುದನ್ನು, ಎಷ್ಟು ಮಂದಿ ಕೇಳುತ್ತಾರೆಂಬುದನ್ನಲ್ಲ. ಎರಡನೆಯದನ್ನು ತಿಳಿಯಲು ಗೂಗಲ್ 2006ರಲ್ಲಿ ಆರಂಭಿಸಿದ 'ಟ್ರೆಂಡ್ಸ್' ಸೇವೆಯಿದೆ. ಅದು ಗರಿಷ್ಠವನ್ನು 100 ಎಂದಿಟ್ಟು ಉಳಿದುದನ್ನು ಅದಕ್ಕೆ ಸಾಪೇಕ್ಷವಾಗಿ ತೋರಿಸುತ್ತದೆ. ಎರಡು ಅಕ್ಷರ ಬರೆಯುವಷ್ಟರಲ್ಲಿ ಯಂತ್ರ ತಾನಾಗಿ ಮುಂದಿಡುವ ಸಲಹೆಗಳಿಗೂ ಜನರ ನಿಜವಾದ ಹುಡುಕಾಟಗಳೇ ಆಧಾರ.

ಆಜ್ಞೆಗಳಾದರೂ ಶಾಶ್ವತವಲ್ಲ. ಗೂಗಲ್ ಕೂಡುವ ಚಿಹ್ನೆಯನ್ನು 2011ರಲ್ಲಿಯೂ ಸಮಾನಾರ್ಥಕಗಳನ್ನು ತರುತ್ತಿದ್ದ ಅಲೆಗೀಟನ್ನು 2013ರಲ್ಲಿಯೂ ಕೈಬಿಟ್ಟಿತು; ದಿನಾಂಕದ ಹಿಂದುಮುಂದನ್ನು ಗೊತ್ತುಪಡಿಸುವ 'ಬಿಫೋರ್', 'ಆಫ್ಟರ್'ಗಳು 2019ರಲ್ಲಿ ಬಂದವು. ಈ ಕೊನೆಯವುಗಳಿಂದ ವಿದ್ಯಾರ್ಥಿಗಳು 2019ರ ಡಿಸೆಂಬರಿನಲ್ಲಿ ಪ್ರಕಟವಾದ ಗ್ರಹಣದ ಪುಟಗಳನ್ನು ಪ್ರತ್ಯೇಕಿಸಿ ತೆಗೆದು, ಅವುಗಳ ಶೀರ್ಷಿಕೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬಹುದು. 2027ರ ಲೇಖನಕ್ಕೆ ಶೀರ್ಷಿಕೆಯಲ್ಲಿ 'ಗ್ರಹಣ', 'ಕಣ್ಣು' ಎಂಬ ಬಿಡಿ ಪದಗಳೂ, ಮೊದಲ ವಾಕ್ಯದಲ್ಲಿ 'ಖಂಡಗ್ರಾಸ'ವೂ, ಅದರ ಪಕ್ಕದಲ್ಲಿ ಪಠ್ಯಪುಸ್ತಕದ 'ಪಾರ್ಶ್ವ'ವೂ ಇರಲಿ ಎಂಬುದು ನಮ್ಮ ಅಭಿಪ್ರಾಯ.