ಹದಿಮೂರನೆಯ ಇನ್ನಿಂಗ್ಸ್

1959ನೆಯ ಇಸವಿ ಮೇ 26ರ ರಾತ್ರಿ. ಅಮೆರಿಕದ ಮಿಲ್ವಾಕಿ ನಗರದ ಕೌಂಟಿ ಸ್ಟೇಡಿಯಂನಲ್ಲಿ 19,194 ಪ್ರೇಕ್ಷಕರು ನೆರೆದಿದ್ದರು. ಊರಿನ ತಂಡವಾದ ಬ್ರೇವ್ಸ್‌ಗೂ ಪಿಟ್ಸ್‌ಬರ್ಗಿನ ಪೈರೇಟ್ಸ್‌ಗೂ ಬೇಸ್‌ಬಾಲ್ ಪಂದ್ಯ. ಪಿಟ್ಸ್‌ಬರ್ಗಿನ ಪರವಾಗಿ ಚೆಂಡೆಸೆಯಬೇಕಾಗಿದ್ದ ಹಾರ್ವೆ ಹ್ಯಾಡಿಕ್ಸ್‌ಗೆ ಅಂದು ನೆಗಡಿ, ದೇಹಸ್ಥಿತಿ ಸರಿಯಿರಲಿಲ್ಲ. 33 ವರ್ಷದ ಈ ಎಡಗೈ ಆಟಗಾರನಿಗೆ ಗೆಳೆಯರು ಇಟ್ಟ ಅಡ್ಡಹೆಸರು 'ಬೆಕ್ಕಿನ ಮರಿ'. ಎದುರಿಗಿದ್ದುದಾದರೋ ಹಿಂದಿನ ಎರಡು ವರ್ಷಗಳೂ ನ್ಯಾಷನಲ್ ಲೀಗಿನಲ್ಲಿ ಅಗ್ರಸ್ಥಾನ ಪಡೆದ ತಂಡ. ಹ್ಯಾಂಕ್ ಏರನ್, ಎಡ್ಡಿ ಮ್ಯಾಥ್ಯೂಸ್, ಜೋ ಆಡ್ಕಾಕ್‌ರಂಥ ಭೀಮಬಾಹುಗಳು ಅದರ ದಾಂಡಿಗರು.

ಕ್ರಿಕೆಟ್ ಮಾತ್ರ ಬಲ್ಲ ಓದುಗರಿಗೆ ಇಲ್ಲಿ ಒಂದೆರಡು ಮಾತು ಹೇಳಬೇಕು. ಬೇಸ್‌ಬಾಲಿನಲ್ಲಿ ಒಂದೊಂದು ತಂಡಕ್ಕೂ ಒಂಬತ್ತು ಇನ್ನಿಂಗ್ಸ್; ಮೂವರು ಔಟಾದರೆ ಒಂದು ಇನ್ನಿಂಗ್ಸ್ ಮುಗಿಯಿತು. ದಾಂಡಿಗನು ಚೆಂಡನ್ನು ಹೊಡೆದೋ, ಎಸೆತಗಾರನ ತಪ್ಪು ಎಸೆತಗಳಿಂದಲೋ, ಕಾವಲುಗಾರರ ಪ್ರಮಾದದಿಂದಲೋ ಮೊದಲ ಬೇಸನ್ನು ಮುಟ್ಟಬಹುದು. ಎದುರು ಬಂದ 27 ಸರದಿಗಳಲ್ಲಿ ಒಬ್ಬನನ್ನೂ ಆ ಮೊದಲ ಬೇಸಿಗೆ ಬಿಡದೆ ಔಟು ಮಾಡಿದರೆ ಅದು 'ಪರ್ಫೆಕ್ಟ್ ಗೇಮ್'. ಎಷ್ಟೋ ಹೆಸರಾಂತ ಎಸೆತಗಾರರು ತಮ್ಮ ಜೀವಮಾನದಲ್ಲಿ ಅದನ್ನು ಕಂಡವರಲ್ಲ.

ಹ್ಯಾಡಿಕ್ಸ್ ಆ ರಾತ್ರಿ 27 ಮಂದಿಯನ್ನೂ ಸಾಲಾಗಿ ಹಿಂದಕ್ಕೆ ಕಳುಹಿಸಿದ. ಆದರೆ ಪಂದ್ಯ ಮುಗಿಯಲಿಲ್ಲ! ಅವನ ತಂಡದವರೂ ಒಂದು ರನ್ನನ್ನೂ ಗಳಿಸಿರಲಿಲ್ಲ.

ಪಿಟ್ಸ್‌ಬರ್ಗಿನವರಿಗೆ ಅವಕಾಶ ಸಿಗಲಿಲ್ಲವೆಂದಲ್ಲ. ಮಿಲ್ವಾಕಿಯ ಎಸೆತಗಾರ ಲೂ ಬರ್ಡೆಟ್‌ನ ಎದುರು ಅವರು ಒಟ್ಟು 12 ಹಿಟ್‌ಗಳನ್ನು ಪಡೆದರು. ಮೂರನೆಯ ಇನ್ನಿಂಗ್ಸ್ ಒಂದರಲ್ಲೇ ಮೂರು ಹಿಟ್! ಆಗ ಮೊದಲ ಬೇಸಿನಲ್ಲಿದ್ದ ರೋಮನ್ ಮೆಹಿಯಾಸ್ ದುಡುಕಿ ಮೂರನೆಯ ಬೇಸಿನವರೆಗೂ ಓಡಲು ಹೋಗಿ ಔಟಾದ. ಆ ಹಿಟ್ ಹೊಡೆದಿದ್ದವನು ಸ್ವತಃ ಹ್ಯಾಡಿಕ್ಸ್. ಏಳನೆಯದರಲ್ಲಿ ಬಾಬ್ ಸ್ಕಿನ್ನರ್ ಬೀಸಿ ಹೊಡೆದ ಚೆಂಡು ಬೇಲಿಯ ಬಳಿ ಏರನ್‌ನ ಕೈಸೇರಿತು.

ಹತ್ತನೆಯ, ಹನ್ನೊಂದನೆಯ, ಹನ್ನೆರಡನೆಯ ಇನ್ನಿಂಗ್ಸ್‌ಗಳೂ ಕಳೆದುವು. ಒಂಬತ್ತು ಇನ್ನಿಂಗ್ಸ್ ದಾಟಿಯೂ ಹೀಗೆ ನಿಷ್ಕಳಂಕವಾಗಿ ಎಸೆದವರು ಮೇಜರ್ ಲೀಗಿನಲ್ಲಿ ಅದುವರೆಗೆ ಒಬ್ಬರೂ ಇರಲಿಲ್ಲ. 36 ಸರದಿಗಳು, 36 ಔಟುಗಳು.

ಹದಿಮೂರನೆಯದರಲ್ಲಿ ಫೆಲಿಕ್ಸ್ ಮಾಂಟಿಯ ಹೊಡೆದ ಚೆಂಡು ನೆಲದ ಮೇಲೆ ಉರುಳುತ್ತ ಮೂರನೆಯ ಬೇಸಿನ ಕಾವಲುಗಾರ ಡಾನ್ ಹೋಕ್‌ನ ಕೈಗೆ ಬಂತು. ನಿತ್ಯವೂ ಹಿಡಿಯುವಂಥ ಚೆಂಡು. ಹಿಡಿದನು ಸರಿ, ಎಸೆತ ಮಾತ್ರ ಕೆಟ್ಟಿತು. ಮಾಂಟಿಯ ಮೊದಲ ಬೇಸನ್ನು ಸೇರಿದ. ಮ್ಯಾಥ್ಯೂಸ್ ತಾನು ಔಟಾಗಿ ಅವನನ್ನು ಎರಡನೆಯ ಬೇಸಿಗೆ ದಾಟಿಸಿದ. ಏರನ್‌ಗೆ ಹೊಡೆಯುವ ಅವಕಾಶ ಕೊಡದೆ ಬೇಕೆಂದೇ ಮೊದಲ ಬೇಸನ್ನು ಬಿಟ್ಟುಕೊಟ್ಟರು. ಆಮೇಲೆ ಬಂದವನು ಆಡ್ಕಾಕ್. ಅವನು ಹೊಡೆದ ಚೆಂಡು ಬೇಲಿಯನ್ನು ದಾಟಿ ಹೊರಗೆ ಬಿತ್ತು.

ಆಗ ನಡೆದುದು ಒಂದು ಪ್ರಹಸನ. ಚೆಂಡು ಮೈದಾನದೊಳಗೇ ಬಿದ್ದಿತೆಂದೂ ಮಾಂಟಿಯನ ರನ್ನಿನಿಂದ ಪಂದ್ಯ ಮುಗಿಯಿತೆಂದೂ ಭಾವಿಸಿದ ಏರನ್ ದಾರಿಯನ್ನು ಬಿಟ್ಟು ಹೊರಟುಬಿಟ್ಟ. ಹಿಂದೆ ಓಡಿಬಂದ ಆಡ್ಕಾಕ್ ಅವನನ್ನು ಹಿಂದೆ ಹಾಕಿದ್ದರಿಂದ ನಿಯಮದ ಪ್ರಕಾರ ಔಟಾದ. ಹೋಮ್ ರನ್ ಬರಿಯ ಎರಡು ಬೇಸಿನ ಹೊಡೆತವಾಯಿತು. ಕಡೆಗೆ ಲೀಗಿನ ಅಧ್ಯಕ್ಷ ವಾರನ್ ಜೈಲ್ಸ್ ಮಿಲ್ವಾಕಿಯ ಗೆಲುವು 1-0 ಎಂದು ತೀರ್ಪಿತ್ತ. ಸೋತವರಿಗೆ 12 ಹಿಟ್, ಗೆದ್ದವರಿಗೆ ಒಂದೇ ಒಂದು!

ಪಾಪ, ಹ್ಯಾಡಿಕ್ಸ್‌ನ ದುರದೃಷ್ಟ ಅಲ್ಲಿಗೇ ಮುಗಿಯಲಿಲ್ಲ. 1991ರಲ್ಲಿ ಮೇಜರ್ ಲೀಗ್ ತನ್ನ ದಾಖಲೆಗಳ ವ್ಯಾಖ್ಯೆಯನ್ನು ಬಿಗಿಗೊಳಿಸಿ, ಕೊನೆಯವರೆಗೂ ಹಿಟ್ ಕೊಡದ ಪಂದ್ಯಗಳನ್ನು ಮಾತ್ರ ಉಳಿಸಿಕೊಂಡಿತು. ಅವನ ಹೆಸರು ಆ ಪಟ್ಟಿಯಿಂದ ಹೊರಬಿತ್ತು. 1993ರಲ್ಲಿ ಮಿಲ್ವಾಕಿಯ ಹಳೆಯ ಎಸೆತಗಾರ ಬಾಬ್ ಬೂಲ್ ಇನ್ನೊಂದು ಗುಟ್ಟನ್ನು ಬಯಲುಮಾಡಿದ. ಪಿಟ್ಸ್‌ಬರ್ಗಿನ ಕ್ಯಾಚರ್ ಮಾಡುತ್ತಿದ್ದ ಕೈಸನ್ನೆಗಳನ್ನು ಕದ್ದು ನೋಡಿ, ಬರಲಿರುವ ಎಸೆತ ಯಾವುದೆಂದು ಒಂದು ಟವೆಲನ್ನು ಸರಿಸಿ ತಮ್ಮ ದಾಂಡಿಗರಿಗೆ ತಿಳಿಸುತ್ತಿದ್ದರಂತೆ. ಏರನ್ ಒಬ್ಬನ ಹೊರತು ಉಳಿದವರೆಲ್ಲ ಆ ಸೂಚನೆಯನ್ನು ಬಳಸಿಕೊಂಡರಂತೆ. ಯಾವ ಚೆಂಡು ಬರುವುದೆಂದು ಮೊದಲೇ ತಿಳಿದೂ 12 ಇನ್ನಿಂಗ್ಸ್‌ವರೆಗೆ ಅವರು ಏನೂ ಮಾಡಲಾರದೆ ಹೋದರು! ಆ ಪಟ್ಟಿಯಿಂದ ಇದನ್ನು ಅಳಿಸಿದ್ದು ನ್ಯಾಯವೆಂದು ಹೇಳುವುದು ಕಷ್ಟ.

ಮರುವರ್ಷ, 1960ರ ಅಕ್ಟೋಬರ್ 13ರಂದು, ಪಿಟ್ಸ್‌ಬರ್ಗ್ ವರ್ಲ್ಡ್ ಸೀರೀಸಿನ ನಿರ್ಣಾಯಕ ಪಂದ್ಯದಲ್ಲಿ ನ್ಯೂಯಾರ್ಕ್ ಯಾಂಕೀಸ್‌ರನ್ನು 10-9ರಿಂದ ಸೋಲಿಸಿತು. ಆ ದಿನ ಹ್ಯಾಡಿಕ್ಸ್ ಎಸೆದದ್ದು ಕೊನೆಯ ಒಂದೇ ಇನ್ನಿಂಗ್ಸ್. ಅವನು ಎಸೆಯುತ್ತಿದ್ದಾಗಲೇ ಎದುರಾಳಿಗಳು ಸಮಸಮ ಮಾಡಿಕೊಂಡಿದ್ದರು. ಅಷ್ಟರಲ್ಲಿ ಅವನ ಜೊತೆಗಾರ ಬಿಲ್ ಮೆಜರಾಸ್ಕಿ ಹೋಮ್ ರನ್ ಹೊಡೆದ. ಗೆದ್ದ ಎಸೆತಗಾರನೆಂದು ದಾಖಲೆಯಲ್ಲಿ ಸೇರಿದ ಹೆಸರು ಹಾರ್ವೆ ಹ್ಯಾಡಿಕ್ಸ್.